ಉಣುಗು ಜ್ವರಕ್ಕೆ ಲಸಿಕೆ ಹಾಕಿಸುವ ಮೊದಲು ಇಷ್ಟು ನೋಡಿಕೊಳ್ಳಿ

ಸೊಸೈಟಿಗೆ ಹಾಲು ಹಾಕಲು ಹೋದಾಗಲೆಲ್ಲ ಯಾರಾದರೊಬ್ಬರು ಕೇಳುತ್ತಾರೆ, "ಉಣುಗಿಗೆ ಒಂದು ಇಂಜೆಕ್ಷನ್ ಉಂಟಂತೆ ಅಲ್ವಾ, ಹಾಕಿಸಿದರೆ ಆಯ್ತಲ್ಲ?" ಉಂಟು. ಆದರೆ ಅದು ಉಣುಗಿಗೆ ಅಲ್ಲ, ದನದ ಮೈಗೆ ಅಂಟಿ ರಕ್ತ ಕುಡಿಯುವ ಆ ಉಣುಗು ತರುವ ಹಲವು ಜ್ವರಗಳಲ್ಲಿ ಒಂದಕ್ಕೆ ಮಾತ್ರ. ಇದು ಗೊತ್ತಿಲ್ಲದೆ ನಾನು ಒಂದು ಜೆರ್ಸಿ ಹಸುವನ್ನು ಕಳೆದುಕೊಂಡೆ. ಲಸಿಕೆ ಆಗಿದೆ, ಇದು ಬೇರೆ ಜ್ವರ ಇರಬೇಕು ಎಂದು ಎರಡು ದಿನ ಸುಮ್ನೆ ಕಾದೆ. ಮೂರನೇ ದಿನ ಬೆಳಿಗ್ಗೆ ಹಟ್ಟಿಗೆ ಹೋದರೆ ಮೂತ್ರ ಕಪ್ಪು ಕಾಫಿ ಬಣ್ಣಕ್ಕೆ ತಿರುಗಿತ್ತು. ಅದು ಬೆಬೀಸಿಯ ಎಂಬ ರೋಗಾಣುವಿನ ಜ್ವರ. ಹಾಕಿಸಿದ್ದ ಲಸಿಕೆ ಥೈಲೀರಿಯ ಎಂಬ ಇನ್ನೊಂದು ರೋಗಾಣುವಿಗೆ.

ಹಾಗಾಗಿ ಮೊದಲ ಕೆಲಸ ನೋಡುವುದು. ದಿನಾ ಹಾಲು ಕರೆಯುವಾಗ ಬಾಲದ ಬುಡ, ಕೆಚ್ಚಲಿನ ಹಿಂದೆ, ಕಿವಿಯೊಳಗೆ, ಗಂಗೆದೊಗಲಿನ ಮಡಿಕೆ, ಇಷ್ಟನ್ನು ಕೈಯಾಡಿಸಿ ನೋಡಿ. ಭುಜದ ಮುಂದೆ ಚರ್ಮದ ಕೆಳಗೆ ನಿಂಬೆಹಣ್ಣಿನಷ್ಟು ಗಂಟು ಸಿಕ್ಕಿ, ಜೊತೆಗೆ 104 ಡಿಗ್ರಿ ದಾಟಿದ ಜ್ವರ ಇದ್ದರೆ ಥೈಲೀರಿಯ ಎಂದು ಸಂಶಯ ಪಡಬೇಕು. ವಸಡು, ಕಣ್ಣಿನ ಒಳರೆಪ್ಪೆ ಬಿಳಿಚಿಕೊಂಡರೆ ರಕ್ತ ಕಡಿಮೆಯಾಗುತ್ತಿದೆ ಎಂದರ್ಥ. ಆದರೆ ಕಣ್ಣಂದಾಜಿನಲ್ಲಿ ನಿರ್ಧಾರ ಮಾಡಬೇಡಿ. ಥೈಲೀರಿಯ, ಬೆಬೀಸಿಯ, ಉಣುಗೇ ತರುವ ಇನ್ನೊಂದು ರೋಗಾಣು ಅನಾಪ್ಲಾಸ್ಮ, ಈ ಮೂರಕ್ಕೂ ಮದ್ದು ಬೇರೆ ಬೇರೆ. ಮದ್ದು ಕೊಡುವ ಮೊದಲೇ ಕಿವಿಯ ತುದಿಯಿಂದ ಒಂದು ಹನಿ ರಕ್ತ ತೆಗೆಸಿ ಸೂಕ್ಷ್ಮದರ್ಶಕದಲ್ಲಿ ನೋಡಲು ಸ್ಲೈಡ್ ಮಾಡಿಸಿ.

ಕಾಸರಗೋಡಿನ ನಮಗೆ ಇನ್ನೊಂದು ತೊಡಕು ಇದೆ. ಲಸಿಕೆ ಇರುವುದು ಥೈಲೀರಿಯ ಅನುಲೇಟಕ್ಕೆ, ಅದನ್ನು ತರುವುದು ಹಯಲೋಮ ಎಂಬ ಉಣುಗು. ಕೇರಳದಲ್ಲಿ ಥೈಲೀರಿಯ ಓರಿಯೆಂಟಾಲಿಸ್ ಎಂಬ ಇನ್ನೊಂದು ಜಾತಿಯೂ ಕಂಡುಬಂದಿದೆ, ಅದಕ್ಕೆ ಈ ಲಸಿಕೆ ಕೆಲಸ ಮಾಡುವುದಿಲ್ಲ. ಸ್ಲೈಡಿನಲ್ಲಿ ಎರಡನ್ನೂ ಬೇರೆ ಮಾಡಿ ಹೇಳುವುದು ಕಷ್ಟ, ರೋಗಾಣುವಿನ ಡಿಎನ್ಎ ಹುಡುಕುವ ಪಿಸಿಆರ್ ಪರೀಕ್ಷೆ ಬೇಕು. ಒಂದು ಸಣ್ಣ ಬಾಟಲಿಯಲ್ಲಿ ಸ್ಪಿರಿಟ್ ಹಾಕಿ ಏಳೆಂಟು ಉಣುಗುಗಳನ್ನು ಹಿಡಿದು ಡಾಕ್ಟ್ರಿಗೆ ಕೊಡಿ, ನಿಮ್ಮ ಗುಡ್ಡೆಯಲ್ಲಿ ಯಾವ ಜಾತಿ ಇದೆ ಎಂದು ಗೊತ್ತಾದರೆ ಅರ್ಧ ಕೆಲಸ ಆದಂತೆ. ಉಗುರಿನಲ್ಲಿ ಹಿಸುಕಬೇಡಿ, ಚಿಮಟಿಯಿಂದ ಚರ್ಮದ ಹತ್ತಿರ ಹಿಡಿದು ನೇರ ಎಳೆಯಿರಿ.

ಅನುಲೇಟ ಎಂದೇ ಖಚಿತವಾದರೆ ಲಸಿಕೆ ಖಂಡಿತ ಹಾಕಿಸಿ, ಅದರಲ್ಲೂ ಮಿಶ್ರತಳಿ ಕರುಗಳಿಗೆ. ನಮ್ಮ ಗಿಡ್ಡ ದನಗಳು ತಡೆದುಕೊಂಡಷ್ಟು ಅವು ತಡೆದುಕೊಳ್ಳುವುದಿಲ್ಲ. ನಮ್ಮ ದೇಶದಲ್ಲಿ ಸಿಗುವುದು ಹೈದರಾಬಾದಿನಲ್ಲಿ ತಯಾರಾಗುವ ರಕ್ಷಾವ್ಯಾಕ್-ಟಿ. ಇದರೊಳಗಿರುವುದು ಜೀವಂತ ರೋಗಾಣು. ದನದ ಬಿಳಿ ರಕ್ತಕಣಗಳೊಳಗೆ ಅದನ್ನು ಲ್ಯಾಬಿನಲ್ಲಿ ಮತ್ತೆ ಮತ್ತೆ ಬೆಳೆಸುತ್ತಾ ಹೋದರೆ ರೋಗ ತರುವ ಶಕ್ತಿ ಕುಗ್ಗುತ್ತದೆ, ಆದರೆ ದನದ ಮೈಗೆ ಅದರ ಗುರುತು ಹತ್ತುವಷ್ಟು ಉಳಿಯುತ್ತದೆ. ಜೀವ ಇರುವುದರಿಂದಲೇ ಅದನ್ನು ದ್ರವ ಸಾರಜನಕದಲ್ಲಿ ಇಡಬೇಕು, ಕೃತಕ ಗರ್ಭಧಾರಣೆಯ ಸ್ಟ್ರಾ ಇಡುವ ಆ ಕ್ಯಾನ್ ಇದೆಯಲ್ಲ, ಅಂಥದ್ದೇ. ಮಾಮೂಲಿ ಫ್ರಿಜ್ಜಿನಲ್ಲಿ ನಿಲ್ಲುವುದಿಲ್ಲ, ಕರಗಿಸಿದ ಮೇಲೆ ತಡಮಾಡದೆ ಹಾಕಬೇಕು. ಆದ್ದರಿಂದ ಒಬ್ಬೊಬ್ಬರಾಗಿ ತರಿಸುವ ಬದಲು ನೆರೆಕರೆಯವರು ಸೇರಿ ಎರಡು ತಿಂಗಳು ದಾಟಿದ ಕರುಗಳನ್ನು ಒಂದೇ ದಿನ ಒಂದೇ ಕಡೆ ನಿಲ್ಲಿಸಿದರೆ ಎಲ್ಲರಿಗೂ ಒಳ್ಳೆಯದು. ಜ್ವರ ಇರುವ ಕರುವನ್ನು ತರಬೇಡಿ. ಗಬ್ಬದ ಹಸು ಇದ್ದರೆ ಮೊದಲೇ ಡಾಕ್ಟ್ರಿಗೆ ಹೇಳಿ.

ಉಣುಗಿಗೇ ಲಸಿಕೆ ಇಲ್ವಾ ಎಂದರೆ, ಅದೂ ಇದೆ, ಮತ್ತು ಅದರ ಉಪಾಯ ನನಗೆ ಬಹಳ ಇಷ್ಟ. ಉಣುಗಿನ ಕರುಳಿನಲ್ಲಿ ಬಿಎಂ86 ಎಂಬ ಪ್ರೋಟೀನ್ ಇದೆ. ಕಚ್ಚುವಾಗ ದನದ ಮೈಗೆ ಹೋಗುವುದು ಜೊಲ್ಲು ಮಾತ್ರ, ಆ ಪ್ರೋಟೀನಿನ ಪರಿಚಯ ದನಕ್ಕೆ ಆಗುವುದೇ ಇಲ್ಲ. ಅದನ್ನೇ ಲ್ಯಾಬಿನಲ್ಲಿ ತಯಾರಿಸಿ ದನಕ್ಕೆ ಚುಚ್ಚಿದರೆ ರಕ್ತದಲ್ಲಿ ಅದರ ವಿರುದ್ಧ ಹೋರಾಡುವ ಪ್ರತಿಕಾಯ ಹುಟ್ಟುತ್ತದೆ, ಆ ರಕ್ತ ಕುಡಿದ ಉಣುಗಿನ ಕರುಳು ಹಾಳಾಗುತ್ತದೆ. 1990ರ ದಶಕದಲ್ಲಿ ಆಸ್ಟ್ರೇಲಿಯದಲ್ಲಿ ಟಿಕ್‌ಗಾರ್ಡ್, ಕ್ಯೂಬಾದಲ್ಲಿ ಗವಾಕ್ ಎಂದು ಬಂದವು. ಉಣುಗು ತಕ್ಷಣ ಉದುರುವುದಿಲ್ಲ, ಮೊಟ್ಟೆ ಕಡಿಮೆಯಾಗುತ್ತಾ ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತದೆ. ಎಲ್ಲ ಜಾತಿಗೂ ಒಂದೇ ತರ ತಾಗುವುದಿಲ್ಲ. ನಮ್ಮ ಉಣುಗುಗಳ ಮೇಲೆ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆ, ಅಂದರೆ ಇಜ್ಜತ್‌ನಗರದ ಐವಿಆರ್‌ಐಯಲ್ಲಿ ಸಂಶೋಧನೆ ನಡೆದಿದೆ, ಆದರೆ ಅಂಗಡಿಯಲ್ಲಿ ಕೇಳಿ ತರುವ ಹಾಗೆ ಇನ್ನೂ ಇಲ್ಲ.

ಅಲ್ಲಿಯವರೆಗೆ ಹಟ್ಟಿ ನೋಡಿಕೊಳ್ಳಿ. ರಕ್ತ ಕುಡಿದು ಊದಿದ ಒಂದು ಹೆಣ್ಣು ಉಣುಗು ಕೆಳಗೆ ಬಿದ್ದರೆ ಎರಡು ಸಾವಿರಕ್ಕೂ ಜಾಸ್ತಿ ಮೊಟ್ಟೆ ಇಡಬಲ್ಲದು. ಮಣ್ಣಿನ ಗೋಡೆಯ ಬಿರುಕು, ಸೊಪ್ಪು ಹಾಕಿದ ಹಟ್ಟಿಯ ಮೂಲೆ ಅದಕ್ಕೆ ಬೇಕಾದ ಜಾಗ. ದನದ ಮೈಗೆ ಮಾತ್ರ ಮದ್ದು ಸಿಂಪಡಿಸಿ ಗೋಡೆ ಬಿಟ್ಟರೆ ಕೆಲವೇ ವಾರದಲ್ಲಿ ಮತ್ತೆ ಅಷ್ಟೇ ಉಣುಗು. ಬಿರುಕುಗಳನ್ನು ಸಾರಿಸಿ ಮುಚ್ಚಿ, ಲೇಬಲ್ಲಿನಲ್ಲಿ ಬರೆದ ಅಳತೆಯಲ್ಲೇ ಮದ್ದು ಕಲಸಿ, ಹಾಲಿನ ಪಾತ್ರೆಗಳನ್ನು ಮೊದಲು ಹೊರಗಿಡಿ. ಲಸಿಕೆ ಹಾಕಿಸಿದ ಕರುವಿನ ಹಟ್ಟಿಯಲ್ಲೂ ಇದೇ ಕ್ರಮ. ತಾರೀಕು, ಲಸಿಕೆಯ ಹೆಸರು, ಯಾವ ರೋಗಕ್ಕೆ ಎಂದು ಮೂರನ್ನೂ ಹಟ್ಟಿಯ ಕಂಬಕ್ಕೆ ಬರೆದು ಅಂಟಿಸಿ. ರಾತ್ರಿ ಜ್ವರ ಬಂದಾಗ ಡಾಕ್ಟ್ರು ಫೋನಿನಲ್ಲಿ ಮೊದಲು ಕೇಳುವುದು ಅದನ್ನೇ.