ಮನೆ ಅಣ್ಣನ ಹೆಸರಿನಲ್ಲಿ, ಕಂತು ತಂಗಿಯದು: ತೆರಿಗೆ ಕಡಿತ ಯಾರಿಗೆ?

ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಅಣ್ಣ ಸಾಲ ಮಾಡಿ ಹುಬ್ಬಳ್ಳಿಯ ನವನಗರದಲ್ಲೋ ಧಾರವಾಡದ ಸಪ್ತಾಪುರದಲ್ಲೋ ಮನೆ ಕೊಳ್ಳುತ್ತಾನೆ. ಅಲ್ಲಿ ತಂಗಿಯ ಸಂಸಾರ ಇರುತ್ತದೆ. ‘ಬೇರೆಯವರಿಗೆ ಬಾಡಿಗೆ ಕೊಡುವ ಬದಲು ನಿನ್ನ ಕಂತನ್ನೇ ಕಟ್ಟುತ್ತೇವೆ’ ಎಂದು ಅವಳು ತಿಂಗಳು ತಿಂಗಳು ಹಣ ಕಳಿಸುತ್ತಾಳೆ. ಅವಳಿ ನಗರದಲ್ಲಿ ಇಂಥ ಮನೆಗಳಿಗೆ ಕೊರತೆಯಿಲ್ಲ. ರಿಟರ್ನ್ ತುಂಬುವ ಹೊತ್ತಿಗೆ ಪ್ರಶ್ನೆ ಏಳುತ್ತದೆ: ಸಾಲದ ಬಡ್ಡಿಯನ್ನು ಆದಾಯದಲ್ಲಿ ಕಳೆದು ತೆರಿಗೆ ಉಳಿಸುವ ಕಡಿತ ಯಾರದು?

ಮೊದಲು ಮೂರು ಕಾಗದ ಮುಂದಿಟ್ಟುಕೊಳ್ಳಿ: ಖರೀದಿ ಪತ್ರ, ಸಾಲ ಮಂಜೂರಾತಿ ಪತ್ರ, ಕಂತು ಹೋಗುವ ಖಾತೆಯ ಪಾಸ್‌ಬುಕ್. ಖರೀದಿ ಪತ್ರದಲ್ಲಿ ಹೆಸರಿಲ್ಲದ ತಂಗಿ ಪೂರ್ತಿ ಕಂತು ಕಟ್ಟಿದರೂ ಅವಳಿಗೆ ಕಡಿತ ಸಿಗುವುದಿಲ್ಲ. ಸಹಸಾಲಗಾರಳಾಗಿ ಸಹಿ ಹಾಕಿದ್ದರೂ ಅಷ್ಟೇ. ಮಾಲೀಕತ್ವ ಬೇಕೇ ಬೇಕು. ಕಡಿತ ಕೇಳುವವನು ಅಣ್ಣ. ಹಾಗಾಗಿ ಅವಳ ಹಣ ನೇರವಾಗಿ ಸಾಲದ ಖಾತೆಗೆ ಹೋಗದೆ, ಅಣ್ಣನ ಖಾತೆಗೆ ಬಂದು ಅಲ್ಲಿಂದ ಕಂತು ಹೋಗಲಿ.

ಎರಡನೆಯ ಕೆಲಸವೇ ಮುಖ್ಯ: ಆ ಹಣಕ್ಕೆ ಒಂದು ಹೆಸರು ಕೊಡಿ. ಸಂಬಂಧಿಕರು ಸುಮ್ಮನೆ ಇದ್ದು, ಏನೂ ಕೊಡದಿದ್ದರೆ ಮನೆಯ ವಾರ್ಷಿಕ ಮೌಲ್ಯ, ಅಂದರೆ ತೆರಿಗೆಗಾಗಿ ಲೆಕ್ಕ ಹಿಡಿಯುವ ವರ್ಷದ ಬಾಡಿಗೆ, ಸೊನ್ನೆ. 2025ರ ಬಜೆಟ್ ತಿದ್ದುಪಡಿಯ ಬಳಿಕ, ಮಾಲೀಕ ಯಾವ ಕಾರಣಕ್ಕೆ ಅಲ್ಲಿ ವಾಸವಿಲ್ಲ ಎಂದು ವಿವರಿಸುವ ಅಗತ್ಯವೂ ಇಲ್ಲ. ಎರಡು ಮನೆಗಳವರೆಗೆ ಈ ಅನುಕೂಲ ಉಂಟು. ಆದರೆ ಮನೆಯಿಂದ ಬಾಡಿಗೆ ಅಥವಾ ಬೇರೆ ಲಾಭ ಬರುತ್ತಿದ್ದರೆ ಇದು ಅನ್ವಯಿಸುವುದಿಲ್ಲ. ವಾಸಕ್ಕೆ ಬದಲಾಗಿ ತಂಗಿ ಕೊಡುವ ಹಣ ಬಾಡಿಗೆಯೇ. ಒಡಹುಟ್ಟಿದವರ ಉಡುಗೊರೆಗೆ ತೆರಿಗೆಯಿಲ್ಲ ಎಂಬುದು ನಿಜ. ಹಾಗೆಂದು ಬಾಡಿಗೆಯನ್ನು ಉಡುಗೊರೆ ಎಂದು ಬರೆಯಬೇಡಿ. ತಿಂಗಳಿಗೊಮ್ಮೆ ಒಂದೇ ಮೊತ್ತ ಬರುತ್ತಿದ್ದರೆ ಆ ಮಾತನ್ನು ಯಾರೂ ನಂಬುವುದಿಲ್ಲ. ಹೆಸರಿಗೆ ಮಾತ್ರ ಎರಡು ಸಾವಿರ ಬಾಡಿಗೆ ತೋರಿಸುವುದೂ ಉಪಯೋಗವಿಲ್ಲ. ಆ ಮನೆಗೆ ನ್ಯಾಯವಾಗಿ ಬರಬಹುದಾದ ಬಾಡಿಗೆಯನ್ನೂ ಕಾಯ್ದೆ ನೋಡುತ್ತದೆ.

ಬಾಡಿಗೆ ಎಂದು ಒಪ್ಪಿಕೊಂಡ ಮಾತ್ರಕ್ಕೆ ಅದರ ಮೇಲೆ ತೆರಿಗೆ ಬೀಳಲೇಬೇಕೆಂದಿಲ್ಲ. ಲೆಕ್ಕ ನೋಡಿ. ತಿಂಗಳಿಗೆ 12,000 ರೂಪಾಯಿಯಂತೆ ವರ್ಷಕ್ಕೆ 1,44,000. ಅಣ್ಣ ಪಾಲಿಕೆಗೆ ಕಟ್ಟಿದ ಆಸ್ತಿ ಕರ 6,000 ಕಳೆದರೆ 1,38,000. ಅದರಲ್ಲಿ ಶೇ 30, ಅಂದರೆ 41,400, ಯಾವ ರಸೀದಿಯೂ ಇಲ್ಲದೆ ಕಡಿತ. ಉಳಿದದ್ದು 96,600. ವರ್ಷದ ಬಡ್ಡಿ 2,10,000 ಆಗಿದ್ದರೆ ಅದನ್ನು ಪೂರ್ತಿ ಕಳೆಯಬಹುದು. ಬಾಡಿಗೆಗೆ ಕೊಟ್ಟ ಮನೆಗೆ ಬಡ್ಡಿಯ ಮಿತಿಯಿಲ್ಲ. ಆಗ ತೆರಿಗೆಯ ಲೆಕ್ಕದಲ್ಲಿ ಮನೆಯಿಂದ 1,13,400 ರೂಪಾಯಿ ನಷ್ಟ. ತೆರಿಗೆ ಲೆಕ್ಕಕ್ಕೆ ಹಳೆಯದು, ಹೊಸದು ಎಂಬ ಎರಡು ಪದ್ಧತಿಗಳಿವೆ. ಹಳೆ ಪದ್ಧತಿಯಲ್ಲಿ ಇಂಥ ನಷ್ಟವನ್ನು 2 ಲಕ್ಷದವರೆಗೆ ಸಂಬಳದಲ್ಲಿ ಕಳೆಯಬಹುದು, ಮಿಕ್ಕದ್ದನ್ನು ಎಂಟು ವರ್ಷ ಮುಂದಕ್ಕೆ ಒಯ್ಯಬಹುದು. ಬಾಡಿಗೆಯಿಲ್ಲದ ಮನೆಯಾದರೆ, ಹಳೆ ಪದ್ಧತಿಯಲ್ಲಿ ಬಡ್ಡಿಗೆ 2 ಲಕ್ಷದ ಮಿತಿ. ಅಸಲು ಮಾತ್ರ ಎರಡು ಬಗೆಯ ಮನೆಗೂ ಆದಾಯ ತೆರಿಗೆ ಕಾಯ್ದೆಯ 80ಸಿ ಸೆಕ್ಷನ್ ಅಡಿ ಕಡಿತ, 1.5 ಲಕ್ಷದ ಒಟ್ಟು ಮಿತಿಯೊಳಗೆ.

ಹೊಸ ಪದ್ಧತಿಯಲ್ಲಿ 80ಸಿ ಇಲ್ಲ, ಬಾಡಿಗೆಯಿಲ್ಲದ ಮನೆಯ ಬಡ್ಡಿಗೂ ಕಡಿತವಿಲ್ಲ. ಬಾಡಿಗೆ ಮನೆಯ ಬಡ್ಡಿ ಕಳೆಯಬಹುದು, ಆದರೆ ನಷ್ಟವನ್ನು ಸಂಬಳದೊಂದಿಗೆ ಹೊಂದಿಸಲಾಗದು. ಈಗ ತಾನಾಗಿಯೇ ಅನ್ವಯವಾಗುವುದು ಹೊಸ ಪದ್ಧತಿ. ಹಳೆಯದು ಬೇಕಿದ್ದರೆ ಗಡುವಿನೊಳಗೆ ರಿಟರ್ನ್ ಸಲ್ಲಿಸಿ ಅದನ್ನು ಆರಿಸಿಕೊಳ್ಳಬೇಕು. 2026ರ ಏಪ್ರಿಲ್ 1ರಿಂದ ಅನ್ವಯವಾಗುವ 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಸೆಕ್ಷನ್ ಸಂಖ್ಯೆಗಳು ಬೇರೆ; 2025–26ರ ಆದಾಯಕ್ಕೆ 1961ರ ಕಾಯ್ದೆಯೇ ಆಧಾರ.

ತಂಗಿಗೂ ಒಂದು ದಾರಿಯಿದೆ. ಅವಳ ಸಂಬಳದಲ್ಲಿ ಮನೆ ಬಾಡಿಗೆ ಭತ್ಯೆ ಇದ್ದು, ಹಳೆ ಪದ್ಧತಿಯಲ್ಲಿದ್ದರೆ ಅಣ್ಣನಿಗೆ ಕೊಟ್ಟ ಬಾಡಿಗೆಗೂ ವಿನಾಯಿತಿ ಕೇಳಬಹುದು. ವರ್ಷಕ್ಕೆ ಲಕ್ಷ ಮೀರಿದರೆ ಅಣ್ಣನ ಪ್ಯಾನ್ ಕೊಡಬೇಕು. ಆದ್ದರಿಂದ ಇ-ಸ್ಟಾಂಪ್ ಕಾಗದದ ಮೇಲೆ ಬಾಡಿಗೆ ಕರಾರು ಬರೆದುಕೊಳ್ಳಿ. ಮೊಬೈಲಿನಲ್ಲಿ ಹಣ ಕಳಿಸುವಾಗ ಟಿಪ್ಪಣಿಯ ಜಾಗದಲ್ಲಿ ‘ಏಪ್ರಿಲ್ ಬಾಡಿಗೆ’ ಎಂದು ಬರೆಯುವ ರೂಢಿ ಇರಲಿ. ಮುಂದೆ ನೋಟಿಸ್ ಬಂದರೆ ಅದೇ ಸಾಕ್ಷಿ. ಬ್ಯಾಂಕಿನ ಬಡ್ಡಿ ಪ್ರಮಾಣಪತ್ರ, ಪಾಲಿಕೆಯ ಕರ ರಸೀದಿ ಜೊತೆಗಿಡಿ. ಹಳೆ ಪದ್ಧತಿಯ ರಿಟರ್ನ್‌ನಲ್ಲಿ ಈಗ ಬ್ಯಾಂಕಿನ ಹೆಸರು, ಸಾಲದ ಖಾತೆ ಸಂಖ್ಯೆಯನ್ನೂ ಕೇಳುತ್ತಾರೆ.

ಕೊನೆಗೆ, ತೆರಿಗೆಗಿಂತ ನನಗೆ ಹೆಚ್ಚು ಕಾಡುವ ಸಂಗತಿ. ಇಪ್ಪತ್ತು ವರ್ಷ ಕಂತಿನ ಹಣ ಕೊಟ್ಟ ತಂಗಿಯ ಕೈಯಲ್ಲಿ ಕೊನೆಗೆ ಒಂದು ಕಾಗದವೂ ಇರುವುದಿಲ್ಲ. ಮನೆಯಲ್ಲಿ ಅವಳಿಗೆ ಪಾಲು ಕೊಡುವ ಉದ್ದೇಶವಿದ್ದರೆ ಬಾಯಿಮಾತಿಗೆ ಬಿಡಬೇಡಿ. ಇನ್ನೂ ಕೊಳ್ಳದವರು ಖರೀದಿ ಪತ್ರ ಮತ್ತು ಸಾಲ ಎರಡರಲ್ಲೂ ಇಬ್ಬರ ಹೆಸರು ಹಾಕಿಸಿ. ಆಗ ತಮ್ಮ ತಮ್ಮ ಪಾಲಿನ ಬಡ್ಡಿಗೆ ಇಬ್ಬರೂ ಕಡಿತ ಕೇಳಬಹುದು. ಈಗಾಗಲೇ ಕೊಂಡಿದ್ದರೆ ದಾನಪತ್ರದ ದಾರಿಯಿದೆ. ಕುಟುಂಬದೊಳಗಿನ ದಾನಪತ್ರಕ್ಕೆ ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ಮನೆಯ ಬೆಲೆಯ ಮೇಲಲ್ಲ, ನಿಗದಿತ ಮೊತ್ತ. ಅದರಿಂದ ಹಳೆಯ ಸಾಲದ ಬಡ್ಡಿಗೆ ಅವಳಿಗೆ ಕಡಿತ ಸಿಗುತ್ತದೆ ಎಂದು ಲೆಕ್ಕ ಹಾಕಬೇಡಿ, ಮನೆಯ ಹಕ್ಕು ಸಿಗುತ್ತದೆ. ಮನೆ ಅಡವಿರುವುದರಿಂದ ಮೊದಲು ಬ್ಯಾಂಕಿನ ಲಿಖಿತ ಒಪ್ಪಿಗೆ ಪಡೆಯಿರಿ, ಬಳಿಕ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ ಮಾಡಿಸಿ, ಪಾಲಿಕೆಯ ದಾಖಲೆಯಲ್ಲೂ ಹೆಸರು ಸೇರಿಸಿ.