ಸಿಗರೇಟು ಬಿಟ್ಟ ಕೈ ಹನಿಕೇಕಿಗೆ ಹೋಗದಿರಲಿ

ನಮ್ಮ ಕಚೇರಿಯ ಎದುರಿನ ಬೇಕರಿಯಲ್ಲಿ ಗಾಜಿನ ಕಪಾಟಿನ ಬಲ ತುದಿಗೆ ಸಿಗರೇಟು, ಎಡ ತುದಿಗೆ ಹನಿಕೇಕ್ ಮತ್ತು ದಿಲ್‌ಪಸಂದ್, ನಡುವೆ ಚಹಾ. ಸಿಗರೇಟು ಬಿಟ್ಟೆನೆಂದು ಹೇಳಿಕೊಂಡ ಸಹೋದ್ಯೋಗಿಗಳಲ್ಲಿ ಬಹುಪಾಲು ಮಂದಿ ಮಾಡಿದ್ದು ಇಷ್ಟೇ: ಬಲದಿಂದ ಎಡಕ್ಕೆ ಎರಡು ಹೆಜ್ಜೆ ಸರಿದರು. ಮೂರು ತಿಂಗಳಿಗೆ ಪ್ಯಾಂಟಿನ ಗುಂಡಿ ಕೂಡದಂತಾಯಿತು. ‘ಇದಕ್ಕಿಂತ ಸೇದುವುದೇ ವಾಸಿಯಿತ್ತು’ ಎಂದು ಮತ್ತೆ ಬಲಕ್ಕೆ ಬಂದರು. ನಾನೂ ಒಮ್ಮೆ ಹಾಗೆ ಹೋಗಿ ಬಂದವನೇ. ಎರಡನೆಯ ಸಲ ಬಿಟ್ಟದ್ದು ಉಳಿದುಕೊಂಡಿತು. ಮೊದಲ ಸಲ ಎಲ್ಲಿ ಎಡವಿದ್ದೆ ಎಂಬುದು ಆಗ ಗೊತ್ತಾಯಿತು.

ಈ ಸಿಹಿಯ ಚಪಲ ಬರುವುದಾದರೂ ಎಲ್ಲಿಂದ? ನಿಕೋಟಿನ್ ಹಸಿವನ್ನು ಅದುಮಿ ಇಡುತ್ತದೆ, ದೇಹ ಶಕ್ತಿ ಉರಿಸುವ ವೇಗವನ್ನು ತುಸು ಏರಿಸುತ್ತದೆ, ಯಕೃತ್ತು ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುವಂತೆ ಮಾಡುತ್ತದೆ. ಬಿಟ್ಟ ದಿನದಿಂದ ಈ ಮೂರೂ ನಿಲ್ಲುತ್ತವೆ. ಅದರ ಮೇಲೆ, ವರ್ಷಗಟ್ಟಲೆ ಹೊಗೆಯಲ್ಲಿ ಮಂಕಾಗಿದ್ದ ನಾಲಿಗೆ ಮತ್ತು ಮೂಗು ಎರಡು ಮೂರು ದಿನಗಳಲ್ಲೇ ಎಚ್ಚರಗೊಳ್ಳುತ್ತವೆ. ಬೇಕರಿಯ ಓವನ್ನಿನ ವಾಸನೆ ರಸ್ತೆಯ ಆ ಬದಿಗೂ ಬರುತ್ತದೆಂದು ನನಗೆ ಗೊತ್ತಾದದ್ದೇ ಬಿಟ್ಟ ಮೂರನೆಯ ದಿನ. ಬಿಟ್ಟವರ ತೂಕ ಮೊದಲ ವರ್ಷದಲ್ಲಿ ಸರಾಸರಿ 4ರಿಂದ 5 ಕೆ.ಜಿ. ಏರುತ್ತದೆ, ಅದರಲ್ಲೂ ಹೆಚ್ಚಿನ ಪಾಲು ಮೊದಲ ಮೂರು ತಿಂಗಳಲ್ಲಿ. ಅಷ್ಟು ಏರಿದರೂ ಲಾಭದಲ್ಲಿರುವವರು ಬಿಟ್ಟವರೇ. ಆದರೂ ಆ ಮೂರು ತಿಂಗಳನ್ನು ಹೇಗೆ ದಾಟಬೇಕೆಂದು ತಿಳಿದಿದ್ದರೆ ಒಳ್ಳೆಯದು.

1. ಬಿಡುವ ದಿನವನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. ಯುಗಾದಿ, ಗಣೇಶ ಚೌತಿ, ದೀಪಾವಳಿಯ ವಾರ ಬೇಡ. ಒಂದು ಕಡೆ ಸಿಗರೇಟಿಲ್ಲ, ಇನ್ನೊಂದು ಕಡೆ ತಟ್ಟೆಯ ತುಂಬ ಹೋಳಿಗೆ.

2. ಜೇಬಿನಲ್ಲಿ ಚಾಕೊಲೇಟು ತುಂಬಿಕೊಳ್ಳಬೇಡಿ. ಎಲ್ಲರೂ ಕೊಡುವ ಸಲಹೆ ಇದೇ, ಎಲ್ಲರೂ ಕೆಡುವುದೂ ಇಲ್ಲೇ. ಒಂದು ಗಟ್ಟಿ ಪೆಪ್ಪರ್‌ಮೆಂಟಿನಲ್ಲಿ ಸುಮಾರು 4 ಗ್ರಾಂ ಸಕ್ಕರೆ ಇರುತ್ತದೆ. ದಿನಕ್ಕೆ ಹತ್ತು ಸಿಗರೇಟು ಸೇದುತ್ತಿದ್ದವರು ಹತ್ತು ಪೆಪ್ಪರ್‌ಮೆಂಟಿಗೆ ಬಂದರೆ 40 ಗ್ರಾಂ ಆಯಿತು. ಮೇಲಿನಿಂದ ಹಾಕಿಕೊಳ್ಳುವ ಸಕ್ಕರೆ ದಿನಕ್ಕೆ 25 ಗ್ರಾಂ ಒಳಗಿದ್ದರೆ ಚೆನ್ನ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕಾಫಿ, ಚಹಾಗಳ ಸಕ್ಕರೆಯನ್ನು ನಾನಿನ್ನೂ ಲೆಕ್ಕಕ್ಕೆ ಹಿಡಿದಿಲ್ಲ. ಬೆಲ್ಲದ ಮಿಠಾಯಿಯಾದರೆ ತೊಂದರೆಯಿಲ್ಲ ಎನ್ನುವವರಿಗೆ ಒಂದು ಮಾತು: ಬೆಲ್ಲವೂ ಸಕ್ಕರೆಯೇ, ಬಣ್ಣ ಮಾತ್ರ ಬೇರೆ. ‘ಡೈಜೆಸ್ಟಿವ್’ ಎಂದು ಬರೆದ ಬಿಸ್ಕತ್ತಿನ ಪೊಟ್ಟಣವನ್ನು ತಿರುಗಿಸಿ ಹಿಂಬದಿಯ ಸಣ್ಣಕ್ಷರ ಓದಿ. ಮೈದಾ, ಸಕ್ಕರೆ, ಎಣ್ಣೆ ಮೊದಲ ಸಾಲಿನಲ್ಲೇ ಸಿಗುತ್ತವೆ. ಸಕ್ಕರೆರಹಿತ ಚ್ಯೂಯಿಂಗ್ ಗಮ್ ಆಗಬಹುದು. ಆದರೆ ದಿನಕ್ಕೆ ಹತ್ತು ಹದಿನೈದು ಅಗಿದರೆ ಅದರ ಸಿಹಿಕಾರಕಕ್ಕೆ ಹೊಟ್ಟೆ ಸಡಿಲವಾಗುತ್ತದೆ.

3. ಕಾಫಿಯನ್ನು ಅರ್ಧಕ್ಕಿಳಿಸಿ. ಇದನ್ನು ಹೇಳಿದಾಗಲೆಲ್ಲ ಜನ ನನ್ನನ್ನು ವಿಚಿತ್ರವಾಗಿ ನೋಡುತ್ತಾರೆ, ಆದರೆ ಕಾರಣವಿದೆ. ಕೆಫೀನನ್ನು ಕರಗಿಸುವ ಯಕೃತ್ತಿನ ಕಿಣ್ವವೊಂದನ್ನು ತಂಬಾಕಿನ ಹೊಗೆ ಚುರುಕಾಗಿಸಿರುತ್ತದೆ. ಹೊಗೆ ನಿಂತ ಕೆಲವೇ ದಿನಗಳಲ್ಲಿ ಆ ಕಿಣ್ವ ಇಳಿಯುತ್ತದೆ. ಆಮೇಲೆ ಅದೇ ಮೂರು ಲೋಟ ಕಾಫಿ ಆರು ಲೋಟದಂತೆ ಏರುತ್ತದೆ: ಎದೆ ಡವಡವ, ಕೈ ನಡುಕ, ರಾತ್ರಿ ನಿದ್ದೆಯಿಲ್ಲ. ಇದನ್ನೆಲ್ಲ ಸಿಗರೇಟು ಬಿಟ್ಟದ್ದರ ಪರಿಣಾಮವೆಂದೇ ಜನ ತಿಳಿಯುತ್ತಾರೆ. ನಿದ್ದೆಗೆಟ್ಟ ಮರುದಿನ ಸಿಹಿಯ ಚಪಲ ಇಮ್ಮಡಿ. ನನ್ನ ಸಲಹೆ: ದರ್ಶಿನಿಯಲ್ಲಿ ಇಡೀ ಕಾಫಿಯ ಬದಲು ಬೈಟು, ಮಧ್ಯಾಹ್ನ ಮೂರರ ಮೇಲೆ ಒಂದೂ ಬೇಡ. ಅಸ್ತಮಾಕ್ಕೆ ಥಿಯೋಫಿಲಿನ್ ಅಥವಾ ಮಾನಸಿಕ ಕಾಯಿಲೆಗೆ ಕ್ಲೋಜಪಿನ್ ತೆಗೆದುಕೊಳ್ಳುವವರು ಸಿಗರೇಟು ಬಿಡುವ ವಿಷಯವನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು; ಇದೇ ಕಿಣ್ವದಿಂದಾಗಿ ಆ ಔಷಧಗಳ ಪ್ರಮಾಣವನ್ನೂ ಬದಲಿಸಬೇಕಾಗಬಹುದು. ಮಧುಮೇಹಿಗಳೂ ಅಷ್ಟೇ. ಮೊದಲ ಕೆಲವು ವಾರ ಸಕ್ಕರೆ ಮಟ್ಟವನ್ನು ಪದೇ ಪದೇ ಪರೀಕ್ಷಿಸಿಕೊಳ್ಳಿ.

4. ಸಂಜೆ ನಾಲ್ಕು ಗಂಟೆ. ನಾನು ಕಂಡ ಸೋಲುಗಳಲ್ಲಿ ಹೆಚ್ಚಿನವು ಬೆಳಗ್ಗೆ ಆದವಲ್ಲ, ಈ ಹೊತ್ತಿನವು. ಮಧ್ಯಾಹ್ನದ ಊಟ ಕರಗಿದೆ, ಕೆಲಸ ಮುಗಿದಿಲ್ಲ, ಯಾರೋ ಕುರ್ಚಿಯ ಹಿಂದೆ ನಿಂತು ‘ಬನ್ನಿ ಸಾರ್, ಒಂದು ಟೀ’ ಎನ್ನುತ್ತಾರೆ. ‘ನಾನು ಸೇದುವುದಿಲ್ಲ, ಸುಮ್ಮನೆ ಜೊತೆಗೆ ಬರುತ್ತೇನೆ’ ಎಂದು ಹೊರಡುತ್ತೀರಿ. ಎಡಗೈಯಲ್ಲಿ ಚಹಾದ ಲೋಟ, ಬಲಗೈ ಖಾಲಿ. ಆ ಖಾಲಿ ಕೈ ಏನಾದರೊಂದನ್ನು ಹುಡುಕುತ್ತದೆ. ಕಪಾಟಿನಲ್ಲಿ ಹನಿಕೇಕ್ ಕಾಣುತ್ತದೆ.

ಇಲ್ಲಿ ಹಸಿವು ಯಾವುದು, ನಿಕೋಟಿನ್ನಿನ ತುಡಿತ ಯಾವುದು ಎಂದು ದೇಹಕ್ಕೇ ತಿಳಿಯುವುದಿಲ್ಲ. ಆದ್ದರಿಂದ ಎರಡನ್ನೂ ಒಟ್ಟಿಗೆ ಬರಗೊಡಬಾರದು. ಮೂರೂವರೆಗೇ, ಬೇಕೆನಿಸುವ ಮೊದಲೇ, ಡಬ್ಬಿ ತೆರೆಯಿರಿ. ಒಂದು ಹಿಡಿ ಹುರಿಗಡಲೆ ಅಥವಾ ಮೊಳಕೆ ಹೆಸರುಕಾಳಿನ ಉಸಲಿ, ಜೊತೆಗೆ ಅರ್ಧ ಸೌತೆಕಾಯಿ ಸಾಕು. ಹಸಿವು ಅಲ್ಲಿಗೆ ಮುಗಿಯಿತು.

ಉಳಿದದ್ದು ತುಡಿತ. ಒಂದು ಸಲದ ತುಡಿತ ಸಾಮಾನ್ಯವಾಗಿ ಐದರಿಂದ ಹತ್ತು ನಿಮಿಷದ್ದು, ತಾನಾಗಿಯೇ ಇಳಿಯುತ್ತದೆ. ಆ ಹತ್ತು ನಿಮಿಷ ಬೇಕರಿಯ ಮುಂದೆ ನಿಲ್ಲಬೇಡಿ. ಮೊದಲ ಮೂರು ವಾರ ಆ ರಸ್ತೆಯೇ ಬೇಡ, ಗೇಟಿನಿಂದ ಇನ್ನೊಂದು ದಿಕ್ಕಿಗೆ ನಡೆಯಿರಿ. ಗೆಳೆಯರಿಗೆ ತಪ್ಪಿಸಿಕೊಳ್ಳುವ ನೆಪ ಹೇಳುವುದಕ್ಕಿಂತ ‘ಸಿಗರೇಟು ಬಿಟ್ಟಿದ್ದೇನೆ, ಈ ತಿಂಗಳು ಬರುವುದಿಲ್ಲ’ ಎಂದು ಒಮ್ಮೆ ಹೇಳಿಬಿಡುವುದು ಸುಲಭ. ಇನ್ನೊಂದು ದಿಕ್ಕಿನಲ್ಲಿ ನನಗೆ ಸಿಕ್ಕಿದ್ದು ಸೀಬೆಕಾಯಿಯ ತಳ್ಳುಗಾಡಿ. ಗಾಡಿಯವನು ಕಾಯಿಯನ್ನು ಪೂರ್ತಿ ಕತ್ತರಿಸದೆ ನಾಲ್ಕು ಹೋಳಾಗಿ ಸೀಳಿ, ಹೂವಿನಂತೆ ಬಿಡಿಸಿ, ಸೀಳಿನೊಳಕ್ಕೆ ಉಪ್ಪು–ಖಾರ ಉಜ್ಜಿ ಕೈಗಿಡುತ್ತಾನೆ. ನನ್ನ ಪಾಲಿಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ. ಆದರೆ ಕಾಯಿ ಗಟ್ಟಿಯಾಗಿರಬೇಕು. ಹಣ್ಣಾದದ್ದು ನಾಲ್ಕು ಕಚ್ಚಿಗೆ ಮುಗಿದುಹೋಗುತ್ತದೆ. ದೋರೆಗಾಯಿಯಾದರೆ ಹಲ್ಲಿಗೆ ಐದಾರು ನಿಮಿಷದ ಕೆಲಸ. ಒಂದು ಸಿಗರೇಟಿಗೆ ಹಿಡಿಯುತ್ತಿದ್ದ ಹೊತ್ತೂ ಅಷ್ಟೇ. ಖಾರ ತಗುಲಿದ ನಾಲಿಗೆಗೆ ಸ್ವಲ್ಪ ಹೊತ್ತು ಕೇಕು ನೆನಪಾಗುವುದಿಲ್ಲ. ಸೇದುತ್ತಿದ್ದ ಕೈಯಲ್ಲೇ ಹಿಡಿದುಕೊಳ್ಳಿ.

ಸೀಬೆ ಸಿಗದ ಕಾಲದಲ್ಲಿ ಬೇಯಿಸಿದ ಕಡಲೆಕಾಯಿ, ಸಿಪ್ಪೆಯ ಸಮೇತ. ಸುಲಿದು ಹುರಿದ ಬೀಜ ಕೊಳ್ಳಬೇಡಿ, ಅದು ಮುಷ್ಟಿಗಟ್ಟಲೆ ಒಳಗೆ ಹೋಗುತ್ತದೆ. ಸಿಪ್ಪೆಯದಾದರೆ ಒಂದೊಂದನ್ನೇ ಬಿಡಿಸುತ್ತ ಬೆರಳುಗಳಿಗೂ ಕೆಲಸ ಸಿಗುತ್ತದೆ. ಹಲ್ಲು ಗಟ್ಟಿಯಿಲ್ಲದವರಿಗೆ ಇಂಗು, ಶುಂಠಿ ಹಾಕಿದ ಮಜ್ಜಿಗೆ. ಜ್ಯೂಸ್ ಅಂಗಡಿ ಬೇಡ. ಅಲ್ಲಿ ಕಿತ್ತಳೆಯ ಜೊತೆ ಎಷ್ಟು ಚಮಚ ಸಕ್ಕರೆ ಮಿಕ್ಸಿಗೆ ಬೀಳುತ್ತದೆಂದು ಒಮ್ಮೆ ನಿಂತು ಎಣಿಸಿ. ಕಿತ್ತಳೆ ಬೇಕಿದ್ದರೆ ಇಡೀ ಹಣ್ಣನ್ನೇ ಸುಲಿದು ತಿನ್ನಿ.

ಈ ಹೊತ್ತಿನಲ್ಲಿ ಇನ್ನೂ ಕೆಲವರು ಬಂದು ಕಿವಿಯಲ್ಲಿ ಹೇಳುವ ಅಡ್ಡದಾರಿಗಳಿವೆ. ಸ್ವೀಟ್ ಬೀಡಾ ಹಾಕಿಕೊಳ್ಳಿ ಎನ್ನುತ್ತಾರೆ. ಬೀಡಾದೊಳಗಿನ ಗುಲ್ಕನ್ ಸಕ್ಕರೆಯದು. ಅಡಿಕೆಯನ್ನಂತೂ 2004ರಲ್ಲೇ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಅಡಿಕೆ ಬೆಳೆಯುವ ಮನೆಯವನಾದ ನನಗೆ ಇದನ್ನು ಬರೆಯುವುದು ಹಿತವಲ್ಲ, ಆದರೂ ಬರೆಯಬೇಕು. ಗಿಡಮೂಲಿಕೆಯ ಸಿಗರೇಟಿನಲ್ಲಿ ತಂಬಾಕಿಲ್ಲದಿದ್ದರೂ ಟಾರ್ ಮತ್ತು ಕಾರ್ಬನ್ ಮೊನಾಕ್ಸೈಡ್ ಇರುತ್ತವೆ. ಇ-ಸಿಗರೇಟಿನ ಮಾರಾಟವನ್ನು ದೇಶದಲ್ಲಿ 2019ರಲ್ಲೇ ನಿಷೇಧಿಸಲಾಗಿದೆ.

ನಿಕೋಟಿನ್ ಗಮ್ ಮಾತ್ರ ಬೇರೆ ಜಾತಿ. ಅದು ನಿಜವಾಗಿಯೂ ನೆರವಾಗುತ್ತದೆ, ತೂಕ ಏರುವುದನ್ನು ಮುಂದಕ್ಕೂ ತಳ್ಳುತ್ತದೆ. 2 ಮಿ.ಗ್ರಾಂನದು ಔಷಧದ ಅಂಗಡಿಯಲ್ಲಿ ಸಿಗುತ್ತದೆ. ಜನ ಇದನ್ನು ಬಬಲ್ ಗಮ್ಮಿನಂತೆ ಅಗಿದು, ಗಂಟಲು ಉರಿದು, ಬಿಕ್ಕಳಿಕೆ ಬಂದು ‘ಇದು ಒಗ್ಗುವುದಿಲ್ಲ’ ಎಂದು ಎಸೆಯುತ್ತಾರೆ. ನಾಲಿಗೆಗೆ ಚುರುಕು ತಟ್ಟುವವರೆಗೆ ನಿಧಾನವಾಗಿ ಅಗಿಯಿರಿ, ಆಮೇಲೆ ಕೆನ್ನೆ ಮತ್ತು ಒಸಡಿನ ನಡುವೆ ಒತ್ತರಿಸಿ ಸುಮ್ಮನಿರಿ, ಚುರುಕು ಇಳಿದ ಮೇಲೆ ಮತ್ತೆ ನಾಲ್ಕು ಸಲ ಅಗಿಯಿರಿ. ಹೀಗೆ ಅರ್ಧ ಗಂಟೆ. ಅಗಿಯುವ ಕಾಲು ಗಂಟೆ ಮೊದಲಿನಿಂದ ಕಾಫಿ, ಹಣ್ಣಿನ ರಸ ಬೇಡ. ಬಾಯಿ ಹುಳಿಯಾಗಿದ್ದರೆ ನಿಕೋಟಿನ್ ಒಳಗೆ ಇಳಿಯುವುದಿಲ್ಲ. ಗರ್ಭಿಣಿಯರು, ಹೃದ್ರೋಗಿಗಳು ವೈದ್ಯರನ್ನು ಕೇಳಿಯೇ ಶುರು ಮಾಡಬೇಕು.

5. ಊಟವಾದ ಕೂಡಲೇ ಹಲ್ಲುಜ್ಜಿ. ಊಟ ಮುಗಿಯಿತು ಎಂದು ಮೆದುಳಿಗೆ ಹೇಳುತ್ತಿದ್ದುದು ಸಿಗರೇಟು. ಈಗ ಆ ಕೆಲಸವನ್ನು ಸಿಹಿ ವಹಿಸಿಕೊಳ್ಳಲು ನೋಡುತ್ತದೆ. ಹೋಟೆಲಿನಲ್ಲಾದರೆ ಒಂದು ಏಲಕ್ಕಿ ಅಥವಾ ಬರೀ ಸೋಂಪು. ಬಣ್ಣಬಣ್ಣದ ಸಕ್ಕರೆ ಲೇಪದ ಸೋಂಪಲ್ಲ.

6. ಮೊದಲ ಮೂರು ತಿಂಗಳು ಪಥ್ಯ, ಉಪವಾಸ, ಅನ್ನ ಬಿಡುವುದು ಯಾವುದೂ ಬೇಡ. ಹೊತ್ತಿಗೆ ಸರಿಯಾಗಿ ಊಟ, ಅರ್ಧ ಗಂಟೆ ಬಿರುಸು ನಡಿಗೆ, ಮಲಬದ್ಧತೆ ಕಾಡುವುದರಿಂದ ಸೊಪ್ಪು ಮತ್ತು ನೀರು ಧಾರಾಳವಾಗಿರಲಿ.

ಹಾಗಾದರೆ ಸಿಹಿ ಮುಟ್ಟಲೇಬಾರದೇ? ಮುಟ್ಟಿ. ಮನೆಯಲ್ಲಿ, ಕುಳಿತುಕೊಂಡು, ತಟ್ಟೆಗೆ ಹಾಕಿಕೊಂಡು, ಊಟದ ಜೊತೆಗೆ. ಭಾನುವಾರ ಒಂದು ಬಟ್ಟಲು ಪಾಯಸ ಕುಡಿದು ಯಾರೂ ಕೆಟ್ಟಿಲ್ಲ. ನಿಂತುಕೊಂಡು, ಪೇಪರಿನಲ್ಲಿ ಹಿಡಿದು, ಯಾರದೋ ಸಿಗರೇಟು ಮುಗಿಯುವುದನ್ನು ಕಾಯುತ್ತ ತಿಂದ ಕೇಕು ಮಾತ್ರ ಲೆಕ್ಕ ತಪ್ಪಿಸುತ್ತದೆ.

ಕೈ ಮೀರುತ್ತಿದೆ ಎನಿಸಿದರೆ ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿ 1800-11-2356 ಸಂಖ್ಯೆಗೆ ಕರೆ ಮಾಡಿ, ಶುಲ್ಕವಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ಕೇಂದ್ರದವರು ಕನ್ನಡದಲ್ಲೇ ಮಾತನಾಡುತ್ತಾರೆ, ತೂಕದ ಚಿಂತೆಯನ್ನೂ ಅವರ ಮುಂದೆ ಹೇಳಿಕೊಳ್ಳಬಹುದು. ಸಿಗರೇಟು ಪ್ಯಾಕಿನ ಮೇಲೆಯೇ ಈ ಸಂಖ್ಯೆ ಅಚ್ಚಾಗಿರುತ್ತದೆ. ಕೊನೆಯ ಪ್ಯಾಕನ್ನು ಎಸೆಯುವ ಮೊದಲು ಮೊಬೈಲಿಗೆ ಇಳಿಸಿಕೊಳ್ಳಿ, ಆಮೇಲೆ ಅದನ್ನು ನೋಡಲೆಂದು ಹೊಸ ಪ್ಯಾಕು ಕೊಂಡವರನ್ನೂ ನಾನು ಕಂಡಿದ್ದೇನೆ.