ಎರಡೂವರೆ ಕೆಜಿಯ ಬಿಸಿಡಿ: ಮೂರು ಸಲ ಸೋತ ಮೇಲೆ ಗೆದ್ದದ್ದು

ಸ್ಕೂಬಾ ಡೈವಿಂಗ್ ಮಾಡೋಕೆ ಅಂಡಮಾನಿನ ಹ್ಯಾವ್‌ಲಾಕ್‌ಗೆ (ಈಗ ಸ್ವರಾಜ್ ದ್ವೀಪ) ಹೊರಟಾಗ ಬೆಂಗಳೂರು ಏರ್‌ಪೋರ್ಟಿನಲ್ಲಿ ನನ್ನ ಬ್ಯಾಗು 19 ಕೆಜಿ ತೂಗಿತು. ನಮಗೆ ಬಿಡೋದು 15. ಎರಡು ಸಾವಿರದ ಚಿಲ್ಲರೆ ಕಟ್ಟಿದೆ, ಬರುವಾಗ ಮತ್ತೆ ಅಷ್ಟೇ. ಟ್ಯಾಂಕಿನ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರ್ ಕೈಚೀಲದಲ್ಲಿತ್ತು, ಕಾಲಿನ ಫಿನ್ನು ಚಿಕ್ಕದೇ, ವೆಟ್ ಸೂಟ್ 3 ಎಂಎಂ. ತೂಕ ಇದ್ದದ್ದು ಜಾಕೆಟ್ ಬಿಸಿಡಿಯಲ್ಲಿ, ನಾಲ್ಕು ಕೆಜಿ ಮೇಲೆ. ಬಿಸಿಡಿ ಅಂದರೆ ಟ್ಯಾಂಕನ್ನು ಬೆನ್ನಿಗೆ ಹಿಡಿದು, ಗಾಳಿ ತುಂಬಿ ಬಿಟ್ಟು ನೀರಲ್ಲಿ ತೇಲುವುದನ್ನು ಹತೋಟಿಯಲ್ಲಿಡುವ ಸಾಧನ. ಹದಿನಾರು ಸಾವಿರ ಕೊಟ್ಟು ಸೆಕೆಂಡ್ ಹ್ಯಾಂಡ್ ತಗೊಂಡಿದ್ದೆ. ಕೊನೆ ಡೈವ್ ಮುಗಿದು ಮರುದಿನ ಪ್ಯಾಕ್ ಮಾಡುವಾಗಲೂ ಅದರ ಬೆನ್ನಿನ ಸ್ಪಂಜು ಹಸಿಯಾಗಿಯೇ ಇತ್ತು. ಆ ನೀರಿಗೂ ನಾನೇ ದುಡ್ಡು ಕಟ್ಟಿದ ಹಾಗಾಯ್ತು.

ಆಮೇಲೆ ಒಂದು ಟ್ರಾವೆಲ್ ಬಿಸಿಡಿ ತರಿಸಿದೆ. ಸುಮಾರು 45 ಸಾವಿರ. ತೂಕ ಎರಡು ಕೆಜಿ ಅಷ್ಟೇ, ಮಡಚಿದರೆ ದಿಂಬಿನಷ್ಟು. ಮನೆಯಲ್ಲಿ ನೋಡಿ ಖುಷಿಪಟ್ಟೆ. ಮುರ್ಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಡೈವ್ ಮಾಡಿದಾಗ ಅದರ ಬಣ್ಣ ಗೊತ್ತಾಯ್ತು. ಬೆನ್ನಿಗೆ ಗಟ್ಟಿ ತಗಡಿಲ್ಲ, ಬರೀ ಬಟ್ಟೆ. ಟ್ಯಾಂಕಿಗೆ ಒಂದೇ ಪಟ್ಟಿ. ತಿರುಗಿದಾಗಲೆಲ್ಲ ಟ್ಯಾಂಕು ಒಂದು ಕಡೆ ವಾಲುತ್ತಿತ್ತು. ಅಲ್ಯೂಮಿನಿಯಂ ಟ್ಯಾಂಕು ಖಾಲಿಯಾಗುತ್ತಾ ಬಂದರೆ ಎರಡು ಕೆಜಿಯಷ್ಟು ಮೇಲಕ್ಕೆಳೆಯುತ್ತೆ. ಮೇಲೆ ಬರುವ ಮೊದಲು ಸುರಕ್ಷತೆಗೆ ನಿಲ್ಲುವ 5 ಮೀಟರ್ ಸ್ಟಾಪಿನಲ್ಲಿ ಹಿಂಭಾಗ ಎದ್ದು, ಹಗ್ಗ ಹಿಡಿದುಕೊಂಡೇ ಮೂರು ನಿಮಿಷ ಕಳೆದೆ. ಆ ಬಿಸಿಡಿಯನ್ನು 28 ಸಾವಿರಕ್ಕೆ ಮಾರಿದೆ.

ಡಬ್ಬದ ಮೇಲೆ ಬರೆದ ತೂಕ ನೋಡಿ ಬಿಸಿಡಿ ಆರಿಸಬಾರದು ಅಂತ ಅಲ್ಲೇ ಗೊತ್ತಾಯ್ತು. ಮುಳುಗೋಕೆ ನಾವು ಮೈಗೆ ಸೀಸದ ತುಂಡು ಕಟ್ಟಿಕೊಳ್ಳುತ್ತೇವೆ; ನೀರೊಳಗೆ ಅದು ನಿಮ್ಮಿಂದ ಎಷ್ಟು ಸೀಸ ಕೇಳುತ್ತೆ, ಅದನ್ನು ನೋಡಬೇಕು. ಅಳೆಯೋಕೆ ಮನೆ ಹಿತ್ತಲಲ್ಲಿ 200 ಲೀಟರ್ ಡ್ರಮ್ಮಿಗೆ 7 ಕೆಜಿ ಕಲ್ಲುಪ್ಪು ಕರಗಿಸಿದೆ. ಲೀಟರಿಗೆ 35 ಗ್ರಾಂ, ಸಮುದ್ರದ ಲೆಕ್ಕ. ಅಂಗಡಿಯವರು "ಇಷ್ಟೊಂದು ಉಪ್ಪಿನಕಾಯಿ ಹಾಕ್ತೀರಾ ಅಣ್ಣಾ?" ಅಂದರು. ಆ ಹಳೆ ಜಾಕೆಟ್ಟಿನ ಗಾಳಿ ಪೂರ್ತಿ ಹಿಂಡಿ ಮುಳುಗಿಸಿದರೂ ತೇಲಿತು. ಒಂದೂಕಾಲು ಕೆಜಿ ಸೀಸ ಕಟ್ಟಿದ ಮೇಲೆ ಇಳಿಯಿತು. ಎಲ್ಲಾ ಆ ಸ್ಪಂಜಿನ ಕೆಲಸ.

ಸರಿ, ಬೆನ್ನಿಗೆ ಕೂರುವ ಗಟ್ಟಿ ತಗಡು, ಅಂದರೆ ಬ್ಯಾಕ್‌ಪ್ಲೇಟ್, ನಾನೇ ಮಾಡುವುದು, ಅದಕ್ಕೆ ಸಿಕ್ಕಿಸುವ ಗಾಳಿಚೀಲ, ಅಂದರೆ ವಿಂಗ್, ಮಾತ್ರ ಕೊಳ್ಳುವುದು ಅಂತ ತೀರ್ಮಾನಿಸಿದೆ. ನಮ್ಮೂರಿನ ಪಿ.ಬಿ. ರೋಡಿನ ಹತ್ತಿರ ನನ್ನದು ಬೈಕ್ ಸೀಟ್ ಕುಷನ್ ಅಂಗಡಿ. ಪಟ್ಟಿ, ಬಕಲ್, ದಾರ ದಿನಾ ಕೈಯಲ್ಲಿರುತ್ತವೆ. ನಮ್ಮ ಇನ್‌ಸ್ಟ್ರಕ್ಟರ್ ಮಾತ್ರ "ಅಣ್ಣಾ, ಇದು ಬೈಕ್ ಸೀಟಲ್ಲ, ಜೀವದ ಪ್ರಶ್ನೆ" ಅಂದರು. ಬೋಟಿನವರೂ ನಕ್ಕರು.

ಮೊದಲ ಪ್ಲೇಟು ಸಿಕ್ಕಿದ ಅಲ್ಯೂಮಿನಿಯಂ ತಗಡಿನಲ್ಲಿ ಮಾಡಿದೆ, ಮಾಮೂಲಿ ಕಬ್ಬಿಣದ ಬೋಲ್ಟ್ ಹಾಕಿದೆ. ಎರಡೇ ದಿನದ ಡೈವ್‌ಗೆ ಬೋಲ್ಟ್ ಸುತ್ತ ಬಿಳಿ ಪುಡಿ, ಕೆಂಪು ತುಕ್ಕು. ಎರಡನೆಯದಕ್ಕೆ ಒಳ್ಳೆ ಮಾಲು ಬೇಕೆಂದು 6061 ಅನ್ನುವ ಜಾತಿಯ ಅಲ್ಯೂಮಿನಿಯಂ ತಂದೆ. ಪ್ರೆಸ್ಸಿಗೆ ಕೊಟ್ಟರೆ ಮಡಿಕೆಯಲ್ಲೇ ಬಿರುಕು ಬಿಟ್ಟಿತು. ಗಟ್ಟಿ ಮಾಡಿದ 6061 ಸುಲಭಕ್ಕೆ ಬಗ್ಗುವುದಿಲ್ಲ. 1,400 ರೂಪಾಯಿ ಗುಜರಿಗೆ. ಮೂರನೆಯದು 5052 ಅನ್ನುವ ಇನ್ನೊಂದು ಜಾತಿ, 3 ಎಂಎಂ. ಅದು ಬಗ್ಗುತ್ತೆ, ಉಪ್ಪು ನೀರಿಗೂ ತಡೆಯುತ್ತೆ. ಬೋಲ್ಟ್ ಸಮುದ್ರದ ನೀರಿಗೆ ತಡೆಯುವ 316 ಸ್ಟೇನ್‌ಲೆಸ್ ಸ್ಟೀಲಿನವು, ಕೆಳಗೆ ನೈಲಾನ್ ವಾಷರ್. ವಿಂಗಿನ ತೂತುಗಳು 11 ಇಂಚು ಅಂತರಕ್ಕೆ ಸರಿಯಾಗಿ ಬರಬೇಕು. ಪಟ್ಟಿ ತೂರಿಸುವ ಸ್ಲಾಟಿನ ಅಂಚನ್ನು ಅರದಲ್ಲಿ ಉಜ್ಜಿ ಉಜ್ಜಿ ಬೆರಳಿಗೆ ನುಣುಪು ಸಿಗುವವರೆಗೆ ಬಿಡಬೇಡಿ. ಇಲ್ಲದಿದ್ದರೆ ಪಟ್ಟಿ ಕೊಯ್ಯುತ್ತೆ. ಪಟ್ಟಿ ಎರಡಿಂಚಿನದು, ಹನ್ನೆರಡು ಅಡಿಯ ಒಂದೇ ತುಂಡು, ಮಧ್ಯೆ ಎಲ್ಲೂ ಹೊಲಿಗೆ ಇಲ್ಲ. ಭಾರ ಬೀಳುವ ಕಡೆ ನನ್ನ ಹೊಲಿಗೆಯನ್ನೂ ನಾನು ನಂಬಿಲ್ಲ. ಭುಜದ ಸ್ಲಾಟು ಯಾವ ಕೋನದಲ್ಲಿದೆ ಅಂತ ಇಲ್ಲಿ ಬರೆಯಲ್ಲ. ನಾಲ್ಕು ರಟ್ಟು ಕತ್ತರಿಸಿ, ಹಾಕಿ ನೋಡಿ ಹಿಡಿದದ್ದು ಅದು.

ಮಧ್ಯೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಲಾರಿ ಟಾರ್ಪಾಲಿನ್ನನ್ನು ಕಾಯಿಸಿ ಅಂಟಿಸಿ ಗಾಳಿಚೀಲ ಮಾಡಿದೆ. ರಾತ್ರಿ ಊದಿಟ್ಟದ್ದು ಬೆಳಗ್ಗೆ ಚಪ್ಪಟೆ. ನೀರಿಗೆ ಅದನ್ನು ಒಯ್ಯಲೇ ಇಲ್ಲ. ವಿಂಗ್ ಮಾತ್ರ ಕಂಪನಿಯದೇ ಕೊಳ್ಳಿ, ಇದರಲ್ಲಿ ದುಡ್ಡು ಉಳಿಸಬೇಡಿ. ನಾನು 13 ಕೆಜಿ ಎತ್ತುವ ಚಿಕ್ಕದನ್ನು ತಗೊಂಡೆ, ಸುಮಾರು 24 ಸಾವಿರ. ಬೆಚ್ಚಗಿನ ನೀರು, ತೆಳು ಸೂಟು, ಒಂದು ಟ್ಯಾಂಕು, ಇಷ್ಟಕ್ಕೆ ಅದು ಧಾರಾಳ. ದೊಡ್ಡದು ತಗೊಂಡರೆ ಟ್ಯಾಂಕಿನ ಎರಡೂ ಕಡೆ ರೆಕ್ಕೆಯ ಹಾಗೆ ಪಟಪಟ ಅನ್ನುತ್ತೆ.

ಪ್ಲೇಟು ಏಳುನೂರು ಗ್ರಾಂ ಚಿಲ್ಲರೆ. ಪಟ್ಟಿ, ರಿಂಗು, ಬಕಲ್, ವಿಂಗ್ ಎಲ್ಲಾ ಸೇರಿ ಎರಡೂವರೆ ಕೆಜಿಯೊಳಗೆ. ಒಟ್ಟು ಖರ್ಚು 30 ಸಾವಿರದ ಆಸುಪಾಸು. ಕೆಡಿಸಿದ ಮಾಲು ಬೇರೆ. ಪ್ಲೇಟು ತಾನೇ ಮುಳುಗುತ್ತೆ, ಸ್ಪಂಜು ಇಲ್ಲ. ಹಾಗಾಗಿ ನನ್ನ ಸೀಸ 6 ಕೆಜಿಯಿಂದ 4ಕ್ಕೆ ಇಳಿಯಿತು. ಮೊದಲು ಇಲ್ಲಿನ ಈಜುಕೊಳದಲ್ಲಿ ನಾಲ್ಕೈದು ಸಲ ನೋಡಿದೆ. ಆದರೆ ಕೊಳದ ಸೀಸದ ಲೆಕ್ಕವನ್ನು ಸಮುದ್ರಕ್ಕೆ ಒಯ್ಯಬೇಡಿ. ಉಪ್ಪು ನೀರಲ್ಲಿ ನನಗೆ ಎರಡು ಕೆಜಿ ಜಾಸ್ತಿ ಬೇಕು.

ಒಣಗಿಸುವ ವಿಷಯದಲ್ಲಿ ನಮ್ಮೂರಿನ ಬಿಸಿಲು ವರ. ಆದರೂ ನೆರಳಲ್ಲೇ ನೇತುಹಾಕಿ, ಬಿಸಿಲಿಗೆ ನೈಲಾನ್ ಸಾಯುತ್ತೆ. ವಿಂಗಿನ ಒಳಗೆ ತೊಳೆಯೋಕೆ ಬೋರ್‌ವೆಲ್ ನೀರು ಬೇಡ. ನಮ್ಮ ಕಡೆಯ ಗಡಸು ನೀರಿಗೆ ಗಾಳಿ ತುಂಬುವ ಇನ್‌ಫ್ಲೇಟರ್ ಬಟನ್ನಿನಲ್ಲಿ ಬಿಳಿ ಪದರ ಕಟ್ಟಿ ಅಂಟಿಕೊಳ್ಳುತ್ತೆ. ನನಗೆ ಒಂದು ಸಲ ಆಗಿದೆ. ಈಗ ನಲ್ಲಿ ನೀರು ಬಂದ ದಿನವೇ ತೊಳೆಯುತ್ತೇನೆ.

ಹೋದ ಸೀಸನ್ನಿನಲ್ಲಿ ನೇತ್ರಾಣಿಯಲ್ಲಿ ಟ್ಯಾಂಕಿನ ಗಾಳಿ ಒತ್ತಡ 50 ಬಾರ್ ಉಳಿದಾಗ 5 ಮೀಟರಿಗೆ ಬಂದೆ. ಕೈ ಕಟ್ಟಿಕೊಂಡು, ಫಿನ್ ಅಲ್ಲಾಡಿಸದೆ, ಮೂರು ನಿಮಿಷ ಮಲಗಿದ ಹಾಗೆ ನಿಂತೆ. ಇನ್‌ಸ್ಟ್ರಕ್ಟರ್ ಸುತ್ತ ಒಂದು ಸುತ್ತು ಹಾಕಿ ನೋಡಿದರು. ಬೋಟಿಗೆ ಹತ್ತಿದ ಮೇಲೆ ಪ್ಲೇಟನ್ನು ತಿರುಗಿಸಿ ತಿರುಗಿಸಿ ಸ್ಲಾಟು ಮುಟ್ಟಿ ನೋಡಿ, "ಅಣ್ಣಾ, ನನಗೂ ಒಂದು ಮಾಡಿಕೊಡಿ" ಅಂದರು. ಆಮೇಲೆ ಅಂಡಮಾನಿಗೆ ಹೋದಾಗ ಉಳಿದ ಸಾಮಾನೂ ಕಡಿಮೆ ಇತ್ತು, ಬ್ಯಾಗು 14 ಕೆಜಿ ದಾಟಲಿಲ್ಲ, ಒಂದು ರೂಪಾಯಿ ಹೆಚ್ಚಿಗೆ ಕಟ್ಟಲಿಲ್ಲ. ಇನ್‌ಸ್ಟ್ರಕ್ಟರ್ ಪ್ಲೇಟು ಈಗ ಅಂಗಡಿಯಲ್ಲಿದೆ. ಕತ್ತರಿಸಿ ಬಗ್ಗಿಸಿ ಆಗಿದೆ, ಅಂಚು ಉಜ್ಜುವುದು ಬಾಕಿ. ಮಳೆ ನಿಂತು ಬೋಟು ಶುರುವಾಗುವ ಹೊತ್ತಿಗೆ ಮುರ್ಡೇಶ್ವರಕ್ಕೆ ಒಯ್ದು ಕೊಡಬೇಕು.